ರಿಪೋರ್ಟ್ ಒತ್ತಿದರೆ ಸಾಲದು, ದೂರು ಬರೆಯಿರಿ

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ 19 ವರ್ಷ. ಅವಳ ಮುಖವನ್ನು ಯಾರೋ ಬೆತ್ತಲೆ ಫೋಟೊಗೆ ಅಂಟಿಸಿ, ಅವಳದೇ ಹೆಸರಿನ ನಕಲಿ ಖಾತೆಯಲ್ಲಿ ಹಾಕಿದ್ದಾರೆ. ಮನೆಯವರೆಲ್ಲ ರಿಪೋರ್ಟ್ ಮಾಡಿದೆವು. ‘ನಮ್ಮ ನಿಯಮಕ್ಕೆ ವಿರುದ್ಧವಾಗಿಲ್ಲ’ ಅಂತ ಉತ್ತರ ಬಂತು. ಇದಕ್ಕೆ ಸರ್ಕಾರದ ಕಾನೂನೇ ಇಲ್ವಾ?
– ಓದುಗರು, ದಾವಣಗೆರೆ

ಉತ್ತರ: ಇದೆ. ಆದರೆ ನೀವು ತಟ್ಟಿದ ಬಾಗಿಲು ಬೇರೆ. ರಿಪೋರ್ಟ್ ಬಟನ್ ಒತ್ತಿದರೆ ಕಂಪನಿ ತನ್ನ ಸ್ವಂತ ನಿಯಮ ನೋಡಿ ತೀರ್ಮಾನಿಸುತ್ತದೆ. ನಮ್ಮ ದೇಶದ 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮದ ಪ್ರಕಾರ ಪ್ರತಿ ಕಂಪನಿಗೂ ಒಬ್ಬ ದೂರು ಅಧಿಕಾರಿ ಇರಬೇಕು. ಅವರ ವಿಳಾಸ ಆ್ಯಪ್‌ನಲ್ಲೇ ಇರುತ್ತದೆ, ಸ್ವಲ್ಪ ಮೂಲೆಯಲ್ಲಿ ಅಷ್ಟೆ. ಅವರಿಗೆ ಬರೆಯಿರಿ. ಬೆತ್ತಲೆ ಚಿತ್ರ, ತಿರುಚಿದ ಫೋಟೊ, ಬೇರೆಯವರ ಹೆಸರಲ್ಲಿ ಸೋಗು ಹಾಕುವುದು – ಇಂಥ ದೂರು ಬಂದರೆ ತೆಗೆಯಲು 2 ಗಂಟೆ ಮೀರುವಂತಿಲ್ಲ (2026ರ ಫೆಬ್ರುವರಿ ತಿದ್ದುಪಡಿಗೆ ಮುಂಚೆ ಇದು 24 ಗಂಟೆ ಇತ್ತು). ಹುಡುಗಿಯೇ ಬರೆಯಬೇಕೆಂದಿಲ್ಲ, ಅವಳ ಪರವಾಗಿ ನೀವೂ ಬರೆಯಬಹುದು.

ಜನ ಹಾಕಿದ್ದಕ್ಕೆ ಕಂಪನಿ ಹೊಣೆಯಲ್ಲ ಅನ್ನುವ ರಕ್ಷಣೆಯನ್ನು ಐಟಿ ಕಾಯ್ದೆಯ 79ನೇ ಕಲಂ ಕೊಡುತ್ತದೆ. ದೂರು ಕೈಸೇರಿದ ಮೇಲೂ ಸುಮ್ಮನಿದ್ದರೆ ಅದು ಕೈತಪ್ಪಬಹುದು. ಕಂಪನಿಗಳು ನಿಜಕ್ಕೂ ಹೆದರುವುದು ಇದಕ್ಕೇ.

ಬರೆಯುವ ಮುಂಚೆ ಒಂದು ಕೆಲಸ. ಬರೀ ಫೋಟೊದ ಸ್ಕ್ರೀನ್‌ಶಾಟ್ ಸಾಲದು. ಆ ಪೋಸ್ಟಿನ ಲಿಂಕ್, ಖಾತೆಯ ಲಿಂಕ್ ಎರಡನ್ನೂ ಕಾಪಿ ಮಾಡಿ, ತಾರೀಖು ಹಾಕಿ ಇಡಿ. ಖಾತೆ ಅಳಿಸಿ ಹೋದರೆ ಪೊಲೀಸರಿಗೆ ಹಿಡಿಯಲು ಸಿಗುವ ಎಳೆ ಅದೇ. ಗಾಬರಿಯಲ್ಲಿ ಹುಡುಗಿಯ ಫೋನ್ ಕಿತ್ತಿಟ್ಟು ಎಲ್ಲ ಡಿಲೀಟ್ ಮಾಡುವ ಮನೆಯವರೇ ಜಾಸ್ತಿ. ದಯವಿಟ್ಟು ಬೇಡ. ‘ಎಲ್ಲರೂ ರಿಪೋರ್ಟ್ ಮಾಡಿ’ ಅಂತ ಆ ಫೋಟೊವನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದೂ ಬೇಡ. ಹಂಚಿದವರ ಮೇಲೂ ಕೇಸು ಬೀಳಬಹುದು.

ಕಂಪನಿ ಕೈಚೆಲ್ಲಿದರೆ 30 ದಿನದೊಳಗೆ ಕೇಂದ್ರದ ದೂರು ಮೇಲ್ಮನವಿ ಸಮಿತಿಗೆ ಆನ್‌ಲೈನಲ್ಲೇ ಹೋಗಬಹುದು.

ಈ ನಿಯಮದಲ್ಲಿ ನನಗೆ ಕಾಣುವ ಕೊರತೆ ಒಂದಿದೆ. ಇವತ್ತು ಒಂದು ಖಾತೆಯಿಂದ ತೆಗೆಸಿದ ಫೋಟೊ ನಾಳೆ ಇನ್ನೊಂದರಲ್ಲಿ ಏಳುತ್ತದೆ. ಅದಕ್ಕೆ ‘ಸ್ಟಾಪ್‌ಎನ್‌ಸಿಐಐ’ ಅನ್ನುವ ಉಚಿತ ತಾಣ ಬಳಸಿ. ಫೋಟೊ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಗುರುತಿನ ಸಂಖ್ಯೆ ಮಾತ್ರ ಆ ತಾಣದ ಜೊತೆ ಕೈಜೋಡಿಸಿದ ಕಂಪನಿಗಳಿಗೆ ಹೋಗಿ, ಅದೇ ಚಿತ್ರವನ್ನು ಅವು ತಡೆಯುತ್ತವೆ. 18 ತುಂಬಿದವರಿಗೆ ಇದು.

ಹಾಕಿದವನನ್ನು ಹಿಡಿಯುವ ಕೆಲಸ ಪೊಲೀಸರದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ ದೂರು ಕೊಡಿ. ಅಲ್ಲಿ ಸಿಗುವ ನಂಬರಿನ ಪ್ರಿಂಟ್ ಹಿಡಿದು ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ, ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ.