ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ನೂರಕ್ಕೆ 47 ಬಂದಿದೆ, ಕೋರ್ಸ್ ಬಿಡಬೇಕಾ? ಕರ್ವ್ ಲೆಕ್ಕ ಹೀಗಿದೆ

ಮೇಡಂ, ನೀವು ಬರೆದದ್ದನ್ನು ಪೂರ್ತಿ ಓದಿದೆ. ಎರಡನೇ ಪಿಯುಸಿ ಕೆಮಿಸ್ಟ್ರಿಯಲ್ಲಿ 97 ತೆಗೆದ ಮಗ. ಈಗ ಅಮೆರಿಕದಲ್ಲಿ ಡಿಗ್ರಿಯ ಎರಡನೇ ವರ್ಷ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಮೊದಲ ಮಿಡ್‌ಟರ್ಮ್‌ನಲ್ಲಿ ನೂರಕ್ಕೆ 47. ತರಗತಿಯ ಸರಾಸರಿ 52, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಅನ್ನುವ ಅಳತೆ) 16. ಪ್ರೊಫೆಸರ್ ಕೊನೆಗೆ ಕರ್ವ್ ಮಾಡುತ್ತೇನೆ, ಅಂದರೆ ಇಡೀ ತರಗತಿಯ ಅಂಕ ನೋಡಿ ಗ್ರೇಡ್ ಹೊಂದಿಸುತ್ತೇನೆ ಅಂದಿದ್ದಾರೆ. ಮಗ ಫೋನಿನಲ್ಲಿ ಕೋರ್ಸ್ ಬಿಟ್ಟುಬಿಡಲಾ ಅಂತ ಕೇಳುತ್ತಿದ್ದಾನೆ. ಮೇಲೆ ಉತ್ತರ ಕೊಟ್ಟವರಲ್ಲಿ ಒಬ್ಬರು ಈಗಲೇ ಬಿಡಲಿ ಅಂದಿದ್ದಾರೆ, ಇನ್ನೊಬ್ಬರು ಕರ್ವ್ ಇದೆಯಲ್ಲ, ನಿಶ್ಚಿಂತೆಯಿಂದಿರಿ ಅಂದಿದ್ದಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಅಲ್ಲಿನ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಇದೇ ಕೋರ್ಸಿನ ಪೇಪರ್ ತಿದ್ದಿದ್ದೇನೆ, ಗ್ರೇಡ್ ಗಡಿ ಎಲ್ಲಿ ಎಳೆಯಬೇಕು ಅಂತ ಚರ್ಚೆಯಾಗುವ ಮೀಟಿಂಗ್‌ಗಳಲ್ಲೂ ಕೂತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾದರೂ ಬಿಡಿಸಿ ಹೇಳುತ್ತೇನೆ.

ಮೊದಲನೆಯದಾಗಿ, 47 ಅನ್ನುವ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ನಮ್ಮ ಬೋರ್ಡ್ ಪರೀಕ್ಷೆಯ ಪೇಪರ್ ತಯಾರಾಗುವುದೇ ಬೇರೆ ರೀತಿ. ಪಠ್ಯ ಚೆನ್ನಾಗಿ ಓದಿದವನು ನೂರರ ಹತ್ತಿರ ಹೋಗಬಹುದು. ಅಲ್ಲಿ ಆರ್ಗ್ಯಾನಿಕ್ ಪೇಪರನ್ನು ಎಷ್ಟೋ ಪ್ರೊಫೆಸರ್‌ಗಳು ಸರಾಸರಿ 50, 60 ಬರುವ ಹಾಗೇ ತೆಗೆಯುತ್ತಾರೆ. ಸರಾಸರಿ 90 ಬಂದರೆ ಮೇಲಿನವರೆಲ್ಲ ಒಂದೇ ಕಡೆ ಗುಂಪಾಗಿಬಿಡುತ್ತಾರೆ, ಯಾರಿಗೆ ಎಷ್ಟು ಬರುತ್ತದೆ ಅಂತ ಗೊತ್ತಾಗುವುದಿಲ್ಲ. ಸರಾಸರಿ ಮಧ್ಯದಲ್ಲಿದ್ದರೆ ಎರಡೂ ಕಡೆ ಜಾಗ ಇರುತ್ತದೆ.

ಹಾಗಾಗಿ ನೋಡಬೇಕಾದದ್ದು ಸರಾಸರಿಯಿಂದ ಅವನು ಎಷ್ಟು ದೂರ ಇದ್ದಾನೆ ಅಂತ. 52ರಲ್ಲಿ 47 ಕಳೆದರೆ 5. ಅದನ್ನು 16ರಿಂದ ಭಾಗಿಸಿದರೆ 0.31. ಅಂದರೆ ಒಂದು ಡೀವಿಯೇಶನ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಅಷ್ಟೇ ಕೆಳಗಿದ್ದಾನೆ. ಅಂಕಗಳು ಗಂಟೆಯ (ಬೆಲ್) ಆಕಾರದಲ್ಲಿ, ಅಂದರೆ ಸರಾಸರಿಯ ಹತ್ತಿರ ಹೆಚ್ಚು ಜನ, ಎರಡೂ ತುದಿಗೆ ಕಡಿಮೆ ಜನ ಇರುವ ಹಾಗೆ ಹಂಚಿಹೋಗಿದ್ದರೆ, ತರಗತಿಯಲ್ಲಿ ಸುಮಾರು 38 ಶೇಕಡಾ ಮಂದಿ ಅವನಿಗಿಂತ ಹಿಂದಿದ್ದಾರೆ. ಇದು ಮುಳುಗುವ ಸ್ಥಿತಿ ಅಲ್ಲವೇ ಅಲ್ಲ.

ಇದು ಯಾವ ಗ್ರೇಡ್ ಆಗುತ್ತದೆ ಅನ್ನುವುದು ಪ್ರೊಫೆಸರ್ ಸರಾಸರಿಯನ್ನು ಎಲ್ಲಿ ಕೂರಿಸುತ್ತಾರೆ ಅನ್ನುವುದರ ಮೇಲಿದೆ. ಹಳೇ ಪದ್ಧತಿಯಲ್ಲಿ ಸರಾಸರಿಯೇ ಬಿ ಮತ್ತು ಸಿ ನಡುವಿನ ಗಡಿ. 52ರಿಂದ 68ರವರೆಗೆ ಬಿ, ಅದರ ಮೇಲೆ ಎ, 36ರಿಂದ 52ರವರೆಗೆ ಸಿ. ಆ ಲೆಕ್ಕದಲ್ಲಿ ನಿಮ್ಮ ಮಗನದು ಸಿ ಪ್ಲಸ್. ಈಗ ಸರಾಸರಿಗೆ ಬಿ ಮೈನಸ್ ಅಥವಾ ಬಿ ಕೊಡುವವರೂ ಇದ್ದಾರೆ. ಬಿ ಮೈನಸ್ ಅಂತ ಇಟ್ಟುಕೊಂಡರೆ ಅವನು ಬಿ ಮೈನಸ್ ಮತ್ತು ಸಿ ಪ್ಲಸ್ ನಡುವಿನ ಗಡಿಯಲ್ಲಿ ನಿಂತಿದ್ದಾನೆ. ಕೋರ್ಸ್ ಶುರುವಾಗುವಾಗ ಕೊಟ್ಟ ಸಿಲಬಸ್‌ನಲ್ಲಿ ಇದು ಬರೆದಿರಬೇಕು. ಬರೆದಿಲ್ಲದಿದ್ದರೆ ಆಫೀಸ್ ಅವರ್ಸ್‌ಗೆ (ಪ್ರೊಫೆಸರ್ ವಿದ್ಯಾರ್ಥಿಗಳಿಗೆ ಸಿಗುವ ಸಮಯ) ಹೋಗಿ, ಹಿಂದಿನ ವರ್ಷಗಳಲ್ಲಿ ಕೋರ್ಸಿನ ಮೀಡಿಯನ್ ಗ್ರೇಡ್, ಅಂದರೆ ಸಾಲಿನ ನಟ್ಟನಡುವಿನ ವಿದ್ಯಾರ್ಥಿಯ ಗ್ರೇಡ್, ಏನಿತ್ತು ಅಂತ ನೇರವಾಗಿ ಕೇಳಲಿ. ಇದನ್ನು ಕೇಳುವುದು ಅಲ್ಲಿ ಅಧಿಕಪ್ರಸಂಗ ಅಲ್ಲ.

"ಕರ್ವ್" ಅಂತ ಒಂದೇ ಮಾತು ಹೇಳುತ್ತಾರೆ, ಆದರೆ ಒಬ್ಬೊಬ್ಬರು ಮಾಡುವುದು ಒಂದೊಂದು ಥರ. ಕೆಲವರು ಎಲ್ಲರಿಗೂ ಸಮನಾಗಿ ಅಂಕ ಕೂಡಿಸುತ್ತಾರೆ. ಸರಾಸರಿ 75 ಆಗಬೇಕು ಅಂದರೆ ಎಲ್ಲರಿಗೂ 23. ನಿಮ್ಮ ಮಗನಿಗೆ 70. ಕೆಲವರು ಅಂಕದ ವರ್ಗಮೂಲ ತೆಗೆದು ಹತ್ತರಿಂದ ಗುಣಿಸುತ್ತಾರೆ. ಆಗ 47 ಇದ್ದದ್ದು 68.6 ಆಗುತ್ತದೆ, 81 ಇದ್ದದ್ದು 90, 25 ಇದ್ದದ್ದು 50. ಕೆಳಗಿನವರಿಗೆ ಜಾಸ್ತಿ ಸಿಗುತ್ತದೆ, ಮೇಲಿನವರಿಗೆ ಕಡಿಮೆ, ಆದರೆ ಯಾರ ಸ್ಥಾನವೂ ಬದಲಾಗುವುದಿಲ್ಲ. ಇನ್ನು ಕೆಲವರು ತರಗತಿಯಲ್ಲಿ ಬಂದ ಅತಿ ಹೆಚ್ಚಿನ ಅಂಕವನ್ನೇ ನೂರು ಅಂತ ಹಿಡಿಯುತ್ತಾರೆ. ನನಗೆ ಇದು ಹಿಡಿಸುವುದಿಲ್ಲ, ಯಾಕೆಂದರೆ ಒಬ್ಬ 98 ತೆಗೆದರೆ ಉಳಿದ ಮುನ್ನೂರು ಜನಕ್ಕೂ ಏನೂ ಸಿಗುವುದಿಲ್ಲ. ಈ ಪದ್ಧತಿಯ ಎಡವಟ್ಟು 2012ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಕಾಣಿಸಿತು. ಅದು ಕೆಮಿಸ್ಟ್ರಿ ಅಲ್ಲ, ಕಂಪ್ಯೂಟರ್ ಸೈನ್ಸ್. ವಿದ್ಯಾರ್ಥಿಗಳೆಲ್ಲ ಮಾತಾಡಿಕೊಂಡು ಫೈನಲ್ ಪರೀಕ್ಷೆಗೆ ಕೂರಲೇ ಇಲ್ಲ. ಅತಿ ಹೆಚ್ಚಿನ ಅಂಕ ಸೊನ್ನೆ ಆಯಿತು, ನಿಯಮದ ಪ್ರಕಾರ ಎಲ್ಲರಿಗೂ ಪೂರ್ತಿ ಅಂಕ ಬಂತು.

ನನ್ನ ಕಣ್ಣಲ್ಲಿ ಪ್ರಾಮಾಣಿಕವಾದದ್ದು ಒಂದೇ ದಿಕ್ಕಿನ ಕರ್ವ್. ಇಷ್ಟು ಬಂದರೆ ಎ, ಇಷ್ಟು ಬಂದರೆ ಬಿ ಅಂತ ಮೊದಲೇ ಹೇಳಿರುತ್ತಾರೆ. ಪೇಪರ್ ಕಷ್ಟವಾದರೆ ಆ ಗಡಿ ಕೆಳಗೆ ಇಳಿಯಬಹುದು, ಮೇಲೆ ಮಾತ್ರ ಹೋಗುವುದಿಲ್ಲ. ಎಲ್ಲರೂ ಚೆನ್ನಾಗಿ ಬರೆದರೆ ಎಲ್ಲರಿಗೂ ಎ ಸಿಗಬಹುದು. ಇದಕ್ಕೆ ವಿರುದ್ಧವಾದದ್ದು ಕೋಟಾ: ಇಂತಿಷ್ಟು ಶೇಕಡಾ ಮಂದಿಗೆ ಮಾತ್ರ ಎ. ಅಲ್ಲಿ ನೀವು ಎಷ್ಟೇ ಕಲಿತರೂ ಪಕ್ಕದವನು ನಿಮಗಿಂತ ಜಾಸ್ತಿ ಕಲಿತರೆ ನಿಮ್ಮ ಗ್ರೇಡ್ ಇಳಿಯುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ಎ ಗ್ರೇಡ್‌ಗಳು 35 ಶೇಕಡಾ ಮೀರಬಾರದು ಅನ್ನುವ ಗುರಿ ಇಟ್ಟುಕೊಂಡಿತು, 2014ರಲ್ಲಿ ಅದನ್ನು ಕೈಬಿಟ್ಟಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನಿಯಮವಂತೂ ಪ್ರತಿಯೊಬ್ಬರ ಗ್ರೇಡನ್ನೂ ಉಳಿದವರಿಂದ ಬೇರೆಯಾಗಿ, ಅವರವರು ಕಲಿತದ್ದರ ಮೇಲೆ ನಿರ್ಧರಿಸಬೇಕು ಅನ್ನುತ್ತದೆ. ನಿಮ್ಮ ಮಗನ ಕೋರ್ಸಿನಲ್ಲಿ ಯಾವ ಥರ ಅಂತ ಮೊದಲು ತಿಳಿದುಕೊಳ್ಳಿ.

ಕೋಟಾ ಥರದ್ದೇ ಆಗಿದ್ದರೂ ಒಂದು ಮಾತು. ಅಲ್ಲಿ ಹುಡುಗರು ನೋಟ್ಸ್ ಬಚ್ಚಿಡುವುದನ್ನು ನೋಡಿದ್ದೇನೆ. ಲೆಕ್ಕ ಹಾಕಿದರೆ ಇದಕ್ಕೆ ಅರ್ಥವೇ ಇಲ್ಲ. 300 ಜನರ ತರಗತಿಯಲ್ಲಿ ನಿಮ್ಮ ಮಗ ಒಬ್ಬ ಗೆಳೆಯನಿಗೆ ಹೇಳಿಕೊಟ್ಟು ಅವನ ಅಂಕ 10 ಜಾಸ್ತಿ ಆದರೆ ಸರಾಸರಿ ಏರುವುದು 0.03. ಹೇಳಿಕೊಡುವಾಗ ನಿಮ್ಮ ಮಗನಿಗೆ ವಿಷಯ ಗಟ್ಟಿಯಾಗುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಮೂರ್ನಾಲ್ಕು ಜನ ಸೇರಿ ಬೋರ್ಡಿನ ಮುಂದೆ ಕೂತು ಬಿಡಿಸಲಿ.

ಇನ್ನೊಂದು ವಿಷಯ ವಿದ್ಯಾರ್ಥಿಗಳ ಗಮನಕ್ಕೆ ಬರುವುದೇ ಕಡಿಮೆ. ಪ್ರೊಫೆಸರ್ ಎಲ್ಲ ಪರೀಕ್ಷೆಯ ಅಂಕ ಸುಮ್ನೆ ಕೂಡಿ, ಕೊನೆಗೆ ಒಂದು ಸಲ ಕರ್ವ್ ಮಾಡುವುದಾದರೆ, ಹರಡು ಜಾಸ್ತಿ ಇರುವ ಪರೀಕ್ಷೆಯೇ ಗ್ರೇಡ್ ನಿರ್ಧರಿಸುತ್ತದೆ. ಎರಡನೇ ಮಿಡ್‌ಟರ್ಮ್ ಸುಲಭವಾಗಿ ಸರಾಸರಿ 84, ಡೀವಿಯೇಶನ್ 6 ಬಂತು ಅಂತ ಇಟ್ಟುಕೊಳ್ಳಿ. ಒಬ್ಬಳು ಮೊದಲ ಪರೀಕ್ಷೆಯಲ್ಲಿ ಒಂದು ಡೀವಿಯೇಶನ್ ಮೇಲೆ, ಎರಡನೆಯದರಲ್ಲಿ ಒಂದು ಕೆಳಗೆ: 68 ಮತ್ತು 78, ಒಟ್ಟು 146. ಇನ್ನೊಬ್ಬ ಇದರ ಉಲ್ಟಾ: 36 ಮತ್ತು 90, ಒಟ್ಟು 126. ಇಬ್ಬರೂ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಅಷ್ಟೇ ಹಿಂದೆ, ಆದರೂ 20 ಅಂಕದ ವ್ಯತ್ಯಾಸ. ಅಂದರೆ ಕಷ್ಟದ ಪೇಪರಿಗೆ ಮಾಡಿದ ತಯಾರಿಗೆ ಫಲ ಜಾಸ್ತಿ. ಫೈನಲ್ ಸಾಮಾನ್ಯವಾಗಿ ಎಲ್ಲಕ್ಕಿಂತ ಅಗಲವಾಗಿ ಹರಡುತ್ತದೆ, ಅದರ ಪಾಲೂ ದೊಡ್ಡದು.

ಸಾಧ್ಯವಾದರೆ ಅಂಕಗಳ ಹಿಸ್ಟೋಗ್ರಾಮ್ (ಯಾವ ಅಂಕ ಎಷ್ಟು ಜನಕ್ಕೆ ಬಂದಿದೆ ಅನ್ನುವ ಚಿತ್ರ) ನೋಡಲಿ, ತುಂಬಾ ಪ್ರೊಫೆಸರ್‌ಗಳು ಅದನ್ನು ತರಗತಿಗೆ ತೋರಿಸುತ್ತಾರೆ. ನಾನು ಕಂಡ ಆರ್ಗ್ಯಾನಿಕ್ ತರಗತಿಗಳಲ್ಲಿ ಒಂದೇ ಗುಡ್ಡದ ಬದಲು ಎರಡು ಗುಡ್ಡ ಕಾಣುತ್ತಿದ್ದದ್ದುಂಟು. 70ರ ಹತ್ತಿರ ಒಂದು, 40ರ ಹತ್ತಿರ ಇನ್ನೊಂದು. ಸರಾಸರಿ ನಡುವಿನ ತಗ್ಗಿನಲ್ಲಿ ಬೀಳುತ್ತದೆ, ಅಲ್ಲಿ ಇರುವವರೇ ಕಡಿಮೆ. ಹಾಗಿದ್ದರೆ ನಾನು ಮೇಲೆ ಹೇಳಿದ 38 ಶೇಕಡಾ ಲೆಕ್ಕ ಕೂರುವುದಿಲ್ಲ. ಮೇಲಿನ ಗುಡ್ಡದವರು ಕ್ರಿಯೆ ಹೇಗೆ ನಡೆಯುತ್ತದೆ ಅಂತ ಹಿಡಿದವರು, ಕೆಳಗಿನವರು ಉತ್ತರಗಳನ್ನು ಬಾಯಿಪಾಠ ಮಾಡಿದವರು. 47 ಅಂದರೆ ಅವನು ಎರಡನೇ ಗುಂಪಿನಲ್ಲಿರಬಹುದು ಅನ್ನುವ ಅನುಮಾನ ನನಗೆ.

97 ಹೇಗೆ 47 ಆಗುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಒಂದು ಪ್ರಶ್ನೆ ತಗೊಳ್ಳಿ (ಇದರಲ್ಲಿ ಆರ್, ಎಸ್ ಅಂದರೆ ಎಡಗೈ-ಬಲಗೈ ಹಾಗೆ ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ರೂಪಗಳ ಹೆಸರು): ಆರ್ ರೂಪದ 2-ಬ್ರೋಮೋಬ್ಯೂಟೇನ್‌ಗೆ ಸೋಡಿಯಂ ಸಯನೈಡ್ ಹಾಕಿದರೆ ಏನಾಗುತ್ತದೆ, ತೋರಿಸಿ. 12 ಅಂಕ. ಪಿಯುಸಿಯ ಅಭ್ಯಾಸದಲ್ಲಿ ಸಮೀಕರಣ ಬರೆಯುತ್ತೇವೆ: ಬ್ರೋಮಿನ್ ಹೋಯಿತು, ಸಯನೈಡ್ ಬಂತು, ಸೋಡಿಯಂ ಬ್ರೋಮೈಡ್ ಉಳಿಯಿತು. ಸರಿಯಾದ ಉತ್ತರವೇ. ಅಲ್ಲಿ ಅದಕ್ಕೆ 4 ಅಂಕ ಅಷ್ಟೇ. ಇನ್ನು 4 ಅಂಕ ಸಯನೈಡ್ ಹಿಂಬದಿಯಿಂದ ಬಂದು ಕಾರ್ಬನ್ನಿನ ಸುತ್ತಲ ಜೋಡಣೆ ತಿರುಗಿದ್ದನ್ನು ತೋರಿಸುವುದಕ್ಕೆ, ಅಂದರೆ ಬಂದದ್ದು ಎಸ್ ರೂಪ. ಉಳಿದ 4 ಅಂಕ ಎಲೆಕ್ಟ್ರಾನ್‌ಗಳು ಎಲ್ಲಿಂದ ಎಲ್ಲಿಗೆ ಹೋದವು ಅಂತ ತೋರಿಸುವ ಬಾಣಗಳಿಗೆ: ಸಯನೈಡ್‌ನ ಎಲೆಕ್ಟ್ರಾನ್ ಜೋಡಿಯಿಂದ ಕಾರ್ಬನ್ನಿಗೆ ಒಂದು, ಕಾರ್ಬನ್-ಬ್ರೋಮಿನ್ ಬಂಧದಿಂದ ಬ್ರೋಮಿನ್‌ಗೆ ಒಂದು. ಬಾಣ ಎಲೆಕ್ಟ್ರಾನ್ ಇರುವ ಕಡೆಯಿಂದ ಹೊರಡಬೇಕು. ಪ್ರೋಟಾನ್‌ನಿಂದ ಬಾಣ ಹೊರಡಿಸಿದವರ ಪೇಪರ್ ಎಷ್ಟು ತಿದ್ದಿದ್ದೇನೋ! ಪ್ರೋಟಾನ್‌ಗೆ ಎಲೆಕ್ಟ್ರಾನೇ ಇಲ್ಲ, ಅದು ಕೊಡುವುದಾದರೂ ಏನನ್ನು? ಕಾರ್ಬನ್ನಿಗೆ ಐದು ಬಂಧ ಬರೆದರಂತೂ ಆ ಹೆಜ್ಜೆಯ ಅಂಕವೆಲ್ಲ ಹೋಗುತ್ತದೆ.

ಹಾಗಾಗಿ ಅವನು ಮೊದಲು ಮಾಡಬೇಕಾದ ಕೆಲಸ, ತಿದ್ದಿದ ಪೇಪರನ್ನು ಮುಂದಿಟ್ಟುಕೊಂಡು ಕಳೆದುಕೊಂಡ 53 ಅಂಕ ಎಲ್ಲಿ ಹೋದವು ಅಂತ ನೋಡುವುದು. ಬಾಣಕ್ಕೆ ಎಷ್ಟು, ಆರ್-ಎಸ್‌ಗೆ ಎಷ್ಟು, ಖಾಲಿ ಬಿಟ್ಟದ್ದಕ್ಕೆ ಎಷ್ಟು. ಖಾಲಿ ಬಿಟ್ಟಿದ್ದರೆ ಅದು ನಮ್ಮ ನೀಟ್ ತಯಾರಿಯ ಅಭ್ಯಾಸ ಇರಬಹುದು, ತಪ್ಪಿಗೆ ಒಂದು ಅಂಕ ಕಳೆಯುತ್ತಾರಲ್ಲ. ಅಲ್ಲಿ ಬರೆಯುವ ಪೇಪರಿನಲ್ಲಿ ಗೊತ್ತಿದ್ದಷ್ಟು ಹೆಜ್ಜೆ ಬರೆದರೂ ಭಾಗಶಃ ಅಂಕ ಸಿಗುತ್ತದೆ. ಕೆಲವು ಕಾಲೇಜುಗಳಲ್ಲಿ ಫೈನಲ್‌ಗೆ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪರೀಕ್ಷೆಯನ್ನೇ ಕೊಡುತ್ತಾರೆ. ಅದು 70 ಬಹುಆಯ್ಕೆ ಪ್ರಶ್ನೆಗಳ ಪೇಪರ್, ತಪ್ಪಿಗೆ ಅಂಕ ಕಳೆಯುವುದಿಲ್ಲ. ಒಂದನ್ನೂ ಬಿಡಬಾರದು. ಅಲ್ಲಿ ದೇಶದ ಬೇರೆ ಕಾಲೇಜುಗಳವರ ಜೊತೆಗೂ ಹೋಲಿಸಿ ಸ್ಥಾನ ಗೊತ್ತಾಗುತ್ತದೆ.

ತಿದ್ದಿದ್ದರಲ್ಲಿ ತಪ್ಪಿದ್ದರೆ ರೀಗ್ರೇಡ್ ಕೇಳಬಹುದು. ಆದರೆ ಇಡೀ ಪೇಪರ್ ಮತ್ತೆ ತಿದ್ದುವ ನಿಯಮ ಇದ್ದರೆ ಅಂಕ ಇಳಿಯಲೂಬಹುದು. ಎರಡು ಅಂಕಕ್ಕಾಗಿ ಹೋಗುವುದು ಬೇಡ.

ಈಗ ಕೋರ್ಸ್ ಬಿಡುವ ಪ್ರಶ್ನೆ. ಅವನು ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿದ್ದಾನೆ ಅಂದಿದ್ದೀರಿ. ಡಿಗ್ರಿ ವಿದ್ಯಾರ್ಥಿಗಳು ಸೆಮಿಸ್ಟರ್‌ಗೆ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ ಇಟ್ಟುಕೊಳ್ಳಬೇಕು. ಅದಕ್ಕಿಂತ ಕೆಳಗಿಳಿಯುವುದಾದರೆ ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅಧಿಕಾರಿಯ ಅನುಮತಿ ಬೇಕು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಕೋರ್ಸ್ ಬಿಟ್ಟರೆ ವೀಸಾಕ್ಕೇ ಕುತ್ತು ಬರಬಹುದು. ಇದನ್ನು ದಯವಿಟ್ಟು ಇವತ್ತೇ ಅವನಿಗೆ ಹೇಳಿ. ಬಿಡುವುದಕ್ಕೆ ಕೊನೆಯ ದಿನ ಯಾವುದು ಅಂತಲೂ ನೋಡಿಕೊಳ್ಳಲಿ. ಎರಡನೇ ಮಿಡ್‌ಟರ್ಮ್ ಫಲಿತಾಂಶ ಆ ದಿನಕ್ಕೆ ಮೊದಲೇ ಬರುವುದಾದರೆ ಅಲ್ಲಿಯವರೆಗೆ ಕಾಯಲಿ. ಆಗಲೂ ಸರಾಸರಿಗಿಂತ ಒಂದು ಡೀವಿಯೇಶನ್ ಕೆಳಗಿದ್ದರೆ ಬಿಡುವ ಬಗ್ಗೆ ಯೋಚಿಸಬಹುದು. ಈಗ 0.31ಕ್ಕೆ ಬಿಡುವುದು ನನ್ನ ಪ್ರಕಾರ ತಪ್ಪು.

ಅವನ ಸುತ್ತ ಇರುವವರ ಆತಂಕವೂ ಅವನಿಗೆ ಅಂಟಿರಬಹುದು. ಆ ತರಗತಿಯಲ್ಲಿ ಮೆಡಿಕಲ್‌ಗೆ ಹೋಗುವ ಕನಸಿನವರು ತುಂಬಾ ಇರುತ್ತಾರೆ. ಮೆಡಿಕಲ್ ಅರ್ಜಿಯಲ್ಲಿ ವಿಜ್ಞಾನ ಮತ್ತು ಗಣಿತದ ಗ್ರೇಡ್ ಸರಾಸರಿಯನ್ನು ಬೇರೆಯಾಗಿ ಲೆಕ್ಕ ಹಾಕುತ್ತಾರೆ, ಅದೇ ಕೋರ್ಸ್ ಮತ್ತೆ ತಗೊಂಡರೂ ಹಳೇ ಗ್ರೇಡ್ ಲೆಕ್ಕದಲ್ಲಿ ಉಳಿಯುತ್ತದೆ. 2022ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇಟ್‌ಲ್ಯಾಂಡ್ ಜೋನ್ಸ್ ಅನ್ನುವ ಹಿರಿಯ ಪ್ರೊಫೆಸರ್ ಕೋರ್ಸಿನ ವಿರುದ್ಧ 350 ವಿದ್ಯಾರ್ಥಿಗಳಲ್ಲಿ 82 ಮಂದಿ ಸಹಿ ಹಾಕಿ ದೂರು ಕೊಟ್ಟರು. ಅವರನ್ನು ತೆಗೆಯಿರಿ ಅಂತ ದೂರಿನಲ್ಲಿ ಇರಲಿಲ್ಲ, ಆದರೂ ವಿಶ್ವವಿದ್ಯಾಲಯ ಅವರನ್ನು ಬಿಡಿಸಿತು. ಈ ಕೋರ್ಸಿನ ಗ್ರೇಡ್ ಅಲ್ಲಿ ಎಷ್ಟು ಸೂಕ್ಷ್ಮದ ವಿಷಯ ಅಂತ ಇದರಿಂದಲೇ ತಿಳಿಯುತ್ತದೆ. ನಿಮ್ಮ ಮಗ ಓದುತ್ತಿರುವುದು ಬಯೋಕೆಮಿಸ್ಟ್ರಿ. ಅವನಿಗೆ ಗ್ರೇಡಿಗಿಂತ ಬಾಣ ಬರೆಯುವುದು ಬರುವುದೇ ಮುಖ್ಯ, ಮುಂದೆ ಎನ್‌ಜೈಮ್ ಓದುವಾಗ ಪ್ರತಿ ಪುಟದಲ್ಲೂ ಅದೇ ಬೇಕು.

ದಿನಕ್ಕೆ ಐದಾರು ಮೆಕ್ಯಾನಿಸಂ (ಕ್ರಿಯೆ ಹೆಜ್ಜೆ ಹೆಜ್ಜೆಯಾಗಿ ನಡೆಯುವ ರೀತಿ), ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಬರೆಯಲಿ. ಓದುವುದಲ್ಲ, ಬರೆಯುವುದು. ಎರಡನೇ ಪರೀಕ್ಷೆಯ ಅಂಕ, ಸರಾಸರಿ, ಡೀವಿಯೇಶನ್ ಬಂದ ಕೂಡಲೇ ಇಲ್ಲೇ ಹಾಕಿ ಮೇಡಂ, ಸಿಲಬಸ್‌ನಲ್ಲಿ ಗ್ರೇಡ್ ಬಗ್ಗೆ ಇರುವ ಸಾಲುಗಳನ್ನೂ ಹಾಕಿ. ಬಿಡುವ ಕೊನೆಯ ದಿನಕ್ಕೆ ಮೊದಲೇ ಸೇರಿ ಲೆಕ್ಕ ನೋಡೋಣ.