ಚಾರಣದಲ್ಲಿ ಅಡುಗೆ ಯಾರ ಪಾಲು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ ಮೂವತ್ತರ ಆಸುಪಾಸು. ವಿಷಯ ಹೇಳುವ ಮೊದಲೇ ಸಂಕೋಚಪಟ್ಟುಕೊಂಡರು. "ಚಾರಣಕ್ಕೆ ಹೋದಾಗೆಲ್ಲ ಅಡುಗೆ ನನ್ನ ತಲೆಗೇ ಬೀಳುತ್ತೆ. ಇದಕ್ಕೂ ಆಪ್ತಸಲಹೆ ಬೇಕಾ ಅಂತ ನಗಬೇಡಿ."

ನಗುವಂಥದ್ದೇನೂ ಇರಲಿಲ್ಲ. ದಿನವಿಡೀ ನಡೆದು, ಹಸಿದು ಕೂತವರಿಗೆ ಸಣ್ಣ ಮಾತೂ ಚುಚ್ಚುತ್ತದೆ. ಐವರ ಗುಂಪು, ಎಲ್ಲರೂ ಹಳೆಯ ಸ್ನೇಹಿತರು. ಕಳೆದ ಸಲ ಈಕೆ ಬಡಿಸಿ ಮುಗಿಸುವಷ್ಟರಲ್ಲಿ ಉಳಿದವರ ಊಟವೇ ಆಗಿತ್ತು. ತಳ ಹಿಡಿದದ್ದನ್ನು ಕೆರೆದು ತಿನ್ನುತ್ತಿದ್ದಾಗ ಒಬ್ಬರು "ಉಪ್ಪು ಸ್ವಲ್ಪ ಜಾಸ್ತಿ ಅಲ್ವಾ?" ಎಂದರಂತೆ. ಬೆಟ್ಟ ಇಳಿಯುವ ತನಕ ಈಕೆ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

"ಬೇರೆಯವರು ಯಾವತ್ತೂ ಅಡುಗೆ ಮಾಡಿಲ್ವಾ?" ಎಂದು ಕೇಳಿದೆ.

"ಒಬ್ರು ಶುರು ಮಾಡಿದ್ರು. ಪಾತ್ರೆಗೆ ಮುಚ್ಚಳಾನೂ ಹಾಕದೆ ಗ್ಯಾಸ್ ಸುಮ್ನೆ ಖಾಲಿ ಮಾಡ್ತಿದ್ರು. ನಾನೇ ಸೌಟು ಇಸ್ಕೊಂಡೆ."

"ನೀರು ತರೋದು, ಟೆಂಟ್ ಹಾಕೋದು ಯಾರು?"

ಇದಕ್ಕೆ ಉತ್ತರ ತಡವಾಗಿ ಬಂತು. ಆ ಕೆಲಸಗಳು ಅವರ ಲೆಕ್ಕದಲ್ಲೇ ಇರಲಿಲ್ಲ. ಇದು ಈಕೆಯೊಬ್ಬರ ಗುಣವಲ್ಲ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು ಗಂಡ ಹೆಂಡತಿಯರನ್ನು, ಮನೆಗೆಲಸದಲ್ಲಿ ನಿಮ್ಮ ಪಾಲು ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿದ್ದರು. ಇಬ್ಬರ ಉತ್ತರ ಕೂಡಿಸಿದರೆ ಸಾಮಾನ್ಯವಾಗಿ ನೂರಕ್ಕೆ ನೂರು ದಾಟುತ್ತಿತ್ತು. ಅವರವರು ಪಟ್ಟ ಪಾಡು ಅವರವರಿಗೆ ಚೆನ್ನಾಗಿ ನೆನಪಿರುತ್ತದೆ.

ಹಾಗಂತ ಆಕೆಯ ದೂರು ಸುಳ್ಳಲ್ಲ. ಎಷ್ಟು ಹೊತ್ತಿನ ಊಟ, ಯಾರಿಗೆ ಏನು ಆಗಿಬರಲ್ಲ, ಗ್ಯಾಸ್ ಸಾಕಾಗುತ್ತಾ ಎಂಬ ಚಿಂತೆ ಹೊರಡುವ ವಾರ ಮೊದಲೇ ಶುರುವಾಗುತ್ತದೆ. ಬೇರೆಯವರಿಗೆ ಅದು ಕಾಣುವುದೇ ಇಲ್ಲ.

ಹಾಗಾಗಿ, "ಸಹಾಯ ಮಾಡಿ" ಎಂದು ಕೇಳಬೇಡಿ ಎಂದೆ. ಸಹಾಯ ಅಂದರೆ ಈರುಳ್ಳಿ ಹೆಚ್ಚಿಕೊಟ್ಟು ಎದ್ದು ಹೋಗುತ್ತಾರೆ, ತಲೆಬಿಸಿ ನಿಮ್ಮಲ್ಲೇ ಉಳಿಯುತ್ತದೆ. ಒಂದು ರಾತ್ರಿಯ ಊಟವನ್ನು ಇಬ್ಬರಿಗೆ ಪೂರ್ತಿ ವಹಿಸಿ. ಏನು ಮಾಡಬೇಕೆಂದು ಯೋಚಿಸುವುದು, ಸಾಮಾನು ತರುವುದು, ಹೊರುವುದು, ಬೇಯಿಸುವುದು ಎಲ್ಲ ಅವರದ್ದೇ. ಬೆಳಗಿನ ತಿಂಡಿ, ದಾರಿಯಲ್ಲಿ ತಿನ್ನುವುದು ಅವರವರ ಚೀಲದಲ್ಲಿರಲಿ. ಖರ್ಚನ್ನು ಹಿಂತಿರುಗಿದ ಮೇಲೆ ಹಂಚಿಕೊಳ್ಳಿ. ಎಲ್ಲರಿಗೂ ಬಡಿಸುವ ತನಕ ಯಾರೂ ತುತ್ತು ಎತ್ತಬಾರದು. ನಿಮ್ಮ ಸರದಿ ಇಲ್ಲದ ದಿನ ಒಲೆ ಹತ್ತಿರ ಸುಳಿಯಬೇಡಿ. ಟೆಂಟ್ ಒಳಗೆ ಒಲೆ ಹಚ್ಚಿದರೆ ಮಾತ್ರ ತಡೆಯಿರಿ. ಉರಿಯಿಂದ ಬರುವ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಪ್ರಾಣ ತೆಗೆಯುತ್ತದೆ. ಊಟ ಕೆಟ್ಟರೆ ಕೆಡಲಿ ಬಿಡಿ.

ಮುಂದಿನ ಚಾರಣದಲ್ಲಿ ಕೆಟ್ಟಿತು ಕೂಡ. ಸ್ನೇಹಿತರು ಮಾಡಿದ ಅನ್ನ ಬೇಯಲಿಲ್ಲ. 3000 ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಬೇಯಲು ಹೆಚ್ಚು ಹೊತ್ತು ಬೇಕು. ಈಕೆಗೆ ಅದು ಗೊತ್ತಿತ್ತು, ಆದರೂ ಕೈ ಕಟ್ಟಿ ಕೂತರಂತೆ. "ಅಡುಗೆ ಮಾಡೋದಕ್ಕಿಂತ ಸುಮ್ನೆ ಕೂರೋದೇ ಕಷ್ಟ ಆಯ್ತು" ಎಂದರು. ಮರುದಿನ ಅದೇ ಜೋಡಿ ಸಲಹೆ ಕೇಳಿಕೊಂಡು ಬಂತು. ಕೇಳಿದಾಗ ಹೇಳಿಕೊಡಬಹುದು, ಅದಕ್ಕೇನೂ ಅಡ್ಡಿಯಿಲ್ಲ.

ಐದನೆಯವರಿಗೆ ಮಾತ್ರ ಅಡುಗೆ ಸುತರಾಂ ಬೇಡ. ಎಲ್ಲ ದಿನವೂ ಪಾತ್ರೆ ತೊಳೆಯಲು ಅವರು ಒಪ್ಪಿದ್ದಾರೆ. ಒಪ್ಪಂದ ನ್ಯಾಯವಾಗಿಯೇ ಇದೆ. ಹೊಳೆ ಕೆಡದಂತೆ ನೀರನ್ನು 60 ಮೀಟರ್ ಆಚೆಗೆ ಹೊತ್ತೊಯ್ದು, ಆ ಚಳಿಯಲ್ಲಿ ಜಿಡ್ಡು ಉಜ್ಜುವುದು ಅಡುಗೆಗಿಂತ ಹಗುರವಾದ ಕೆಲಸವೇನಲ್ಲ.