ಸರ್ವರ್ ಫೋಟೊಗಳಿಗೆ ಲೋಕಲ್ ಕ್ಯಾಶ್

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಮದುವೆ ಫೋಟೊ ಸ್ಟುಡಿಯೊ. ಫೋಟೊಗಳೆಲ್ಲ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ) ಸರ್ವರಿನಲ್ಲಿವೆ. ಉಬುಂಟು ಪಿಸಿಯಲ್ಲಿ ಅದೇ ಆಲ್ಬಂ ಎಷ್ಟು ಸಲ ತೆರೆದರೂ ನಿಧಾನ. ಏನು ಮಾಡಲಿ?

ಉತ್ತರ: ಸರ್ವರಿನಿಂದ ಓದಿದ ಫೈಲ್‌ಗಳ ಪ್ರತಿಯನ್ನು ನಿಮ್ಮ ಪಿಸಿಯ ಡಿಸ್ಕಿನಲ್ಲೇ ಇಡುವ ಲೋಕಲ್ ಕ್ಯಾಶ್ ಹಾಕಿಕೊಳ್ಳಿ. ಅದಕ್ಕೆ ಟರ್ಮಿನಲ್‌ನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಕ್ಯಾಶ್‌ಫೈಲ್ಸ್‌ಡಿ’ ಕೊಡಿ. ಆಮೇಲೆ ಇಟಿಸಿ ಫೋಲ್ಡರಿನ ಡಿಫಾಲ್ಟ್ ಒಳಗೆ ಅದೇ ಹೆಸರಿನ ಫೈಲಿದೆ, ಅದರಲ್ಲಿ ‘ರನ್=ಯೆಸ್’ ಸಾಲಿನ ಮುಂದಿನ ಹ್ಯಾಶ್ (#) ಅಳಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿ; ಜನ ಮರೆಯುವುದು ಇದನ್ನೇ. ಸರ್ವರ್ ಫೋಲ್ಡರನ್ನು ಅನ್‌ಮೌಂಟ್ ಮಾಡಿ (ಪಿಸಿಯಿಂದ ಬಿಡಿಸಿ), ಕ್ಯಾಶ್ ಬಳಸು ಎನ್ನುವ ‘ಎಫ್‌ಎಸ್‌ಸಿ’ ಆಪ್ಷನ್ ಸೇರಿಸಿ ಮತ್ತೆ ಮೌಂಟ್ ಮಾಡಿ. ಇಲ್ಲಾಂದ್ರೆ ಕ್ಯಾಶ್ ಸುಮ್ನೆ ಖಾಲಿ ಕೂತಿರುತ್ತದೆ. ಜೊತೆಗೆ ಬರುವ ಸೆಟ್ಟಿಂಗ್ ಪ್ರಕಾರ ಡಿಸ್ಕಿನ ಖಾಲಿ ಜಾಗ ಶೇ. 7ಕ್ಕಿಂತ ಇಳಿದರೆ ಕ್ಯಾಶಿನ ಹಳೆಯ ಪ್ರತಿಗಳನ್ನು ತಾನೇ ಅಳಿಸುತ್ತದೆ, ಶೇ. 3ಕ್ಕಿಂತ ಇಳಿದರೆ ಹೊಸದನ್ನು ಸೇರಿಸುವುದೇ ಇಲ್ಲ. ಆ ಸೆಟ್ಟಿಂಗ್ ಮುಟ್ಟಲು ಹೋಗಬೇಡಿ. ವೇಗ ಕಾಣುವುದು ಎರಡನೇ ಸಲ ತೆರೆದಾಗ, ಅದೂ ಓದುವುದಕ್ಕೆ ಮಾತ್ರ; ಎಡಿಟ್ ಮಾಡಿ ಸೇವ್ ಮಾಡುವಾಗ ಏನೂ ಲಾಭವಿಲ್ಲ.